ಹ್ಯಾರಿ ಪಾಟರ್ ಮುಗೀತು, ಮುಂದೇನು?

"ಏಳೂ ಪುಸ್ತಕ ಎರಡೆರಡು ಸಲ ಓದಿ ಮುಗಿಸಿದ್ಲು, ಇನ್ನೇನು ಕೊಡೋದು ಮಾರಾಯ?" ಅಂತ ಇಲ್ಲಿ ಪೋರ್ಟ್‌ಲ್ಯಾಂಡಿನ ಗೆಳೆಯರು ಆಗಾಗ ಕೇಳ್ತಿರ್ತಾರೆ. ಇನ್ನೂ ಮದುವೆಯಾಗದೆ ಮಕ್ಕಳ ಪುಸ್ತಕ ಓದ್ಕೊಂಡು ಕೂತಿರೋನು ನಾನೊಬ್ಬನೇ ಅಂತಿರಬೇಕು :)

ನನ್ನ ಉತ್ತರ ಒಂದೇ. ಇದೇ ಊರಲ್ಲಿ ದಶಕಗಳ ಕಾಲ ಬದುಕಿ 2018ರಲ್ಲಿ ತೀರಿಕೊಂಡ ಅರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ಥ್‌ಸೀ'. 1968ರದ್ದು. ಮಾಂತ್ರಿಕರ ಶಾಲೆ ಅದರಲ್ಲೂ ಇದೆ, ಹ್ಯಾರಿಗಿಂತ ಸುಮಾರು ಮೂವತ್ತು ವರ್ಷ ಮೊದಲೇ! ಆಡು ಕಾಯುವ ಹುಡುಗ ಗೆಡ್. ಶಾಲೆಯಲ್ಲಿ ಜಂಬಕ್ಕೆ ಬಿದ್ದು ಮಾಡಬಾರದ ಮಂತ್ರ ಮಾಡ್ತಾನೆ, ಒಂದು ನೆರಳು ಹೊರಗೆ ಬಂದುಬಿಡುತ್ತೆ. ಮೊದಲು ಅದು ಇವನನ್ನ ಅಟ್ಟಿಸಿಕೊಂಡು ಬರುತ್ತೆ, ಆಮೇಲೆ ಇವನೇ ಅದನ್ನ. ಮುಂದಿನದು ಹೇಳಲ್ಲ.

ಆ ಲೋಕದಲ್ಲಿ ಎಲ್ಲರಿಗೂ ಕರೆಯೋ ಹೆಸರೊಂದು, ನಿಜವಾದ ಹೆಸರೊಂದು. ನಿಜವಾದದ್ದು ಗೊತ್ತಿದ್ದವನ ಕೈಲಿ ನಿಮ್ಮ ಜುಟ್ಟು. ಗೆಡ್‌ಗೆ ಅವನ ಹೆಸರನ್ನ ಗುರು ಪಿಸುಮಾತಲ್ಲಿ ಹೇಳ್ತಾನೆ. ಜಾತಕಕ್ಕೊಂದು, ಮನೇಲಿ ಕರೆಯೋಕೊಂದು ಹೆಸರಿಟ್ಟುಕೊಂಡ ನಮಗೆ ಇದೇನು ಹೊಸದಾ? ಇನ್ನೊಂದು ವಿಷಯ, ಗೆಡ್ ಬಿಳಿಯ ಅಲ್ಲ, ಕೆಂಪು ಛಾಯೆಯ ಕಂದು ಬಣ್ಣದವನು. 2004ರ ಟೀವಿ ಸರಣಿಯಲ್ಲಿ ಅವನನ್ನ ಬಿಳಿ ಮಾಡಿದಾಗ ಲೆ ಗ್ವಿನ್ ಬಹಿರಂಗವಾಗಿಯೇ ಸಿಟ್ಟಾಗಿ ಬರೆದರು.

ಗೆಳೆಯನ ಮಗಳು, ಹನ್ನೊಂದು ವರ್ಷ, ಶಾಲೆಯಲ್ಲಿ ತನ್ನ ಹೆಸರನ್ನ ಕತ್ತರಿಸಿ ಒಂದೇ ಅಕ್ಷರ ಮಾಡ್ಕೊಂಡಿದ್ಲು. ಟೀಚರ್ ಉಚ್ಚಾರಣೆ ಕೇಳಿ ಕೇಳಿ ಸಾಕಾಗಿ. ಈ ಪುಸ್ತಕ ಓದಿದ ಮೇಲೆ "ನನ್ನ ಹೆಸರು ಕಿವೀಲಿ ಯಾರು ಹೇಳಿದ್ದು?" ಅಂತ ಕೇಳಿದ್ಲಂತೆ. ಸೋದರತ್ತೆ ಅಂತ ಗೊತ್ತಾಗಿ ಶಿವಮೊಗ್ಗಕ್ಕೆ ವಿಡಿಯೋ ಕಾಲ್, ಅರ್ಧ ಗಂಟೆ ತೊಟ್ಟಿಲಿನ ಕಥೆ! ಶಾಲೆಯಲ್ಲಿ ಹೆಸರು ಇನ್ನೂ ಒಂದೇ ಅಕ್ಷರ, ಅದು ಬೇರೆ ಮಾತು.

ಒಂದು ಎಚ್ಚರಿಕೆ. ಕಥೆ ನಿಧಾನ, ಮಾತು ಕಮ್ಮಿ. ಒಂಬತ್ತರ ಮಕ್ಕಳು ಅರ್ಧಕ್ಕೇ ಬಿಸಾಕಬಹುದು. ಹುಡುಗಿಯರೂ ಕಮ್ಮಿ, ಆದರೆ ಎರಡನೆಯದು, 'ದ ಟೂಂಬ್ಸ್ ಆಫ್ ಅಟುವಾನ್' (1971), ಪೂರ್ತಿ ಹುಡುಗಿಯದೇ. ಹೆಸರಿಲ್ಲದ ಪುರಾತನ ಶಕ್ತಿಗಳಿಗೆ ಒಪ್ಪಿಸಿ ಹೆಸರನ್ನೇ ಕಿತ್ತುಕೊಂಡ ಹುಡುಗಿ. ನನಗೆ ಇದೇ ಹೆಚ್ಚಿಷ್ಟ.

ವಿಜ್ಞಾನದ ಕಡೆ ಒಲವಿದ್ರೆ ಮೆಡಲೀನ್ ಲೆಂಗಲ್ ಅವರ 'ಎ ರಿಂಕಲ್ ಇನ್ ಟೈಮ್' (1962). ಕನ್ನಡಕ ಹಾಕಿದ, ಮೂಗಿನ ತುದೀಲೇ ಕೋಪವಿರೋ, ಗಣಿತ ಚೆನ್ನಾಗಿ ಬರೋ ಹುಡುಗಿ ಕಳೆದುಹೋದ ಅಪ್ಪನನ್ನ ಹುಡುಕ್ಕೊಂಡು ಬೇರೆ ಗ್ರಹಕ್ಕೆ ಹೋಗ್ತಾಳೆ.

ಕನ್ನಡದಲ್ಲಿ? ಸೈನ್ಸ್ ಫಿಕ್ಷನ್ ಅಲ್ಲದಿದ್ರೂ ನಾನು 'ಕರ್ವಾಲೊ' ಅಂತೀನಿ. ಹಾರುವ ಓತಿಯ ಬೆನ್ನು ಹತ್ತಿ ಕಾಡಿಗೆ ಹೋಗೋದು ಯಾವ ಗ್ರಹಯಾತ್ರೆಗೆ ಕಮ್ಮಿ? ಇಲ್ಲಿನ ಮಕ್ಕಳಿಗೆ ಓದೋಕೆ ಬರಲ್ಲ, ಅಪ್ಪ ಅಮ್ಮನೇ ಓದಿ ಹೇಳಬೇಕು. ಹನ್ನೆರಡರ ಹುಡುಗಿಗೆ ಕೊಡಬಹುದಾದ ಕನ್ನಡದ ವಿಜ್ಞಾನ ಕಥೆ ನಿಮಗೆ ಗೊತ್ತಿದ್ರೆ ದಯವಿಟ್ಟು ತಿಳಿಸಿ, ಮುಂದಿನ ತಿಂಗಳು ಊರಿಗೆ ಹೋದಾಗ ತರ್ತೀನಿ.