ತೋಟೆಯ ಆಯ್ಕೆ

ಜೊಹಾನ್ಸ್‌ಬರ್ಗಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ದೂರವಾಣಿಯಲ್ಲಿ ಮಾತನಾಡಿದ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ತುಸು ಸಂಕೋಚದಿಂದಲೇ ಕೇಳಿದ: “ಸಾರ್, ಇಲ್ಲಿಯ ಗೆಳೆಯರು ಲಿಂಪೋಪೊ ಕಡೆ ಹುಲ್ಲೆ ಬೇಟೆಗೆ ಕರೆದಿದ್ದಾರೆ. ಯಾವ ರೈಫಲ್ ಒಯ್ಯಲಿ? .300 ಮ್ಯಾಗ್ನಮ್ ಬಹಳ ಜೋರಂತೆ. ಅದೇ ಸರಿಯಲ್ಲವೇ?”

ಶಿರಂಗಾಲದ ಜಗಲಿಯಲ್ಲಿ ಕುಳಿತಿರುವ ನಿವೃತ್ತ ವಿಜ್ಞಾನ ಶಿಕ್ಷಕನಿಗೆ ಇಂಥ ಪ್ರಶ್ನೆ ಬರುವುದು ವಿಚಿತ್ರವೇ. ಆದರೆ ಕೊಡಗಿನಲ್ಲಿ ಹುಟ್ಟಿದವನಿಗೆ ಕೋವಿಯ ಮಾತು ಅಪರಿಚಿತವಲ್ಲ. ನಾನು ಬೇಟೆಗಾರನಲ್ಲ. ಗುಂಡಿನ ಲೆಕ್ಕವನ್ನು ಪುಸ್ತಕಗಳಿಂದ ಕಲಿತೆ, ಅದರ ನೀತಿಯನ್ನು ತಂದೆಯವರಿಂದ ಕಲಿತೆ. ಎರಡನೆಯದನ್ನೇ ಮೊದಲು ಹೇಳುತ್ತೇನೆ.

1962ರ ಮಾತು. ನಾನಾಗ ಏಳನೆಯ ತರಗತಿಯಲ್ಲಿದ್ದೆ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಜೋಡುನಳಿಗೆ ಕೋವಿಯೊಂದು ನಮ್ಮ ಮನೆಯಲ್ಲಿತ್ತು. ರಾಗಿ ತೆನೆ ಬಲಿಯುವ ಕಾಲದಲ್ಲಿ ಹಂದಿಗಳು ಹಿಂಡಾಗಿ ನುಗ್ಗುತ್ತಿದ್ದವು. ಒಂದು ರಾತ್ರಿ ತಂದೆಯವರ ಬಳಿ ಎಲ್‌ಜಿ ತೋಟೆಗಳು ಮುಗಿದಿದ್ದವು. ಎಲ್‌ಜಿ ಎಂದರೆ ಕಡಲೆಗಿಂತ ದಪ್ಪನೆಯ ಆರೆಂಟು ಚರೆಗಳಿರುವ ತೋಟೆ. ಚೀಲದಲ್ಲಿ ಉಳಿದಿದ್ದುದು ಕಾಡುಕೋಳಿಗೆ ಹೊಡೆಯುವ ನಾಲ್ಕನೆಯ ನಂಬರಿನ ತೋಟೆಗಳು ಮಾತ್ರ. ಅವುಗಳಲ್ಲಿ ಚರೆಗಳು ನೂರಕ್ಕೂ ಹೆಚ್ಚಿದ್ದರೂ ಒಂದೊಂದೂ ಸಾಸಿವೆಗಿಂತ ತುಸು ದೊಡ್ಡದು, ಅಷ್ಟೆ. ಅಟ್ಟಣೆಯಲ್ಲಿ ಜೊತೆಗಿದ್ದವರು ಒತ್ತಾಯಿಸಿದರು. ತಂದೆಯವರು ಮೂವತ್ತು ಹೆಜ್ಜೆ ದೂರದ ಹಂದಿಗೆ ಗುಂಡು ಹಾರಿಸಿಬಿಟ್ಟರು. ಹಂದಿ ಒಮ್ಮೆ ಚೀರಿ ಲಂಟಾನ ಪೊದೆಗಳ ಕಡೆಗೆ ಓಡಿತು.

ಅದು ಸಿಕ್ಕಿದ್ದು ನಾಲ್ಕನೆಯ ದಿನ, ಹಳ್ಳದ ಬದಿಯಲ್ಲಿ. ಇನ್ನೂ ಜೀವವಿತ್ತು. ಗಾಯಗಳಲ್ಲಿ ಹುಳುಗಳು ಆಡುತ್ತಿದ್ದವು. ತಂದೆಯವರು ಪಕ್ಕದ ಮನೆಯಿಂದ ಒಂದು ಎಲ್‌ಜಿ ತೋಟೆ ತರಿಸಿ ಅದರ ಸಂಕಟವನ್ನು ಮುಗಿಸಿದರು. ಆ ದಿನ ಅವರು ಊಟಕ್ಕೆ ಏಳಲಿಲ್ಲ. ಆಮೇಲೆ ಎರಡು ಎಲ್‌ಜಿ ತೋಟೆಗಳನ್ನು ಬಟ್ಟೆಯಲ್ಲಿ ಸುತ್ತಿ ಬೇರೆಯಾಗಿಯೇ ಇಡತೊಡಗಿದರು. ಯಾರು ಕೇಳಿದರೂ ಕೊಡುತ್ತಿರಲಿಲ್ಲ. “ಸರಿಯಾದ ತೋಟೆ ಇಲ್ಲದಿದ್ದರೆ ರಾಗಿ ಹೋಗಲಿ, ಕೋವಿ ಎತ್ತಬೇಡ” ಎನ್ನುತ್ತಿದ್ದರು.

ಇನ್ನು ಲೆಕ್ಕಕ್ಕೆ ಬರೋಣ. ನನ್ನ ತರಗತಿಯಲ್ಲಿ ಕುಳಿತವರಿಗೆ ನೆನಪಿರಬಹುದು: ಚಲನಶಕ್ತಿ ದ್ರವ್ಯರಾಶಿಗೆ ನೇರವಾಗಿಯೂ ವೇಗದ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. 1906ರ .30-06 ಸ್ಪ್ರಿಂಗ್‌ಫೀಲ್ಡ್ ತೋಟೆ 180 ಗ್ರೇನ್, ಅಂದರೆ ಸುಮಾರು 11.7 ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಎಸೆಯುತ್ತದೆ. ಶಕ್ತಿ ಸುಮಾರು 3,900 ಜೂಲ್. 1963ರ .300 ವಿಂಚೆಸ್ಟರ್ ಮ್ಯಾಗ್ನಮ್ ಅದೇ ಗುಂಡನ್ನು 900 ಮೀಟರ್ ವೇಗದಲ್ಲಿ ಕಳಿಸುತ್ತದೆ. ಶಕ್ತಿ 4,700 ಜೂಲ್. ವೇಗ ಹತ್ತು ಪಾಲು ಹೆಚ್ಚಿದರೆ ಶಕ್ತಿ ಇಪ್ಪತ್ತು ಪಾಲು ಹೆಚ್ಚುತ್ತದೆ. ಆದರೆ ನ್ಯೂಟನ್ನನ ಮೂರನೆಯ ನಿಯಮವನ್ನು ಮರೆಯುವಂತಿಲ್ಲ. ಹಿಮ್ಮೊದೆತವೂ ಹೆಚ್ಚುತ್ತದೆ. ಅಭ್ಯಾಸವಿಲ್ಲದವನು ಆ ಒದೆತಕ್ಕೆ ಹೆದರಿ, ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚಿ ಭುಜ ಅದುರಿಸುತ್ತಾನೆ. ಗುಂಡು ಹೃದಯಕ್ಕೆ ತಾಗುವ ಬದಲು ಹೊಟ್ಟೆಗೆ ತಾಗುತ್ತದೆ. ಹೆಚ್ಚಿದ ಜೂಲ್‌ಗಳಿಂದ ಆಗ ಏನು ಪ್ರಯೋಜನ?

ತೋಟೆಗಿಂತ ಮುಖ್ಯವಾದುದು ಅದರ ತುದಿಯಲ್ಲಿರುವ ಗುಂಡು. ಪೂರ್ತಿ ಕವಚವಿರುವ ಗುಂಡು ಸಣ್ಣ ತೂತು ಮಾಡಿ ಆಚೆಗೆ ಹೋಗಿಬಿಡುತ್ತದೆ. ತೀರಾ ಮೆದುವಾದುದು ಭುಜದ ಎಲುಬಿಗೆ ತಾಗಿ ಅಲ್ಲಿಯೇ ಚೂರಾಗುತ್ತದೆ. ಬೇಕಾದದ್ದು ಮುಂಭಾಗ ಅಣಬೆಯಂತೆ ಅರಳಿ, ಹಿಂಭಾಗ ಗಟ್ಟಿಯಾಗಿ ಉಳಿದು ಆಳಕ್ಕೆ ಇಳಿಯುವ ಗುಂಡು. ಅಮೆರಿಕದ ಜಾನ್ ನಾಸ್ಲರ್ 1946ರಲ್ಲಿ ತನ್ನ ಗುಂಡುಗಳು ಒಂದು ಮೂಸ್‌ನ ಮೇಲೆ ಸೋತದ್ದನ್ನು ಕಂಡು, ನಡುವೆ ಅಡ್ಡಗೋಡೆಯಿರುವ ಪಾರ್ಟಿಷನ್ ಗುಂಡನ್ನು ರೂಪಿಸಿದ. 1948ರಿಂದ ಅದು ಮಾರಾಟಕ್ಕೆ ಬಂತು. ಈಗ ಪೂರ್ತಿ ತಾಮ್ರದ ಗುಂಡುಗಳೂ ಇವೆ. ಅವು ಮಾಂಸದಲ್ಲಿ ಸೀಸದ ಚೂರುಗಳನ್ನು ಬಿಡುವುದಿಲ್ಲ.

ಆಫ್ರಿಕಾದ ಬಯಲಿನ ಪ್ರಾಣಿಗಳೆಲ್ಲ ಒಂದೇ ಅಳತೆಯವಲ್ಲ. ಇಂಪಾಲಾ ಐವತ್ತು ಕಿಲೋ ಆಸುಪಾಸು. ಗಂಡು ಕುಡು ಇನ್ನೂರು ಕಿಲೋ ಮೀರುತ್ತದೆ. ಈಲ್ಯಾಂಡ್ ಹೋರಿ ಏಳೆಂಟು ನೂರು ಕಿಲೋ ಸಹ ಇರುತ್ತದೆ. ಮೊದಲಿನ ಎರಡಕ್ಕೆ .30-06ರ ಗಟ್ಟಿಯಾದ 180 ಗ್ರೇನ್ ಗುಂಡು ಧಾರಾಳವಾಯಿತು. ಈಲ್ಯಾಂಡ್ ಎಂದರೆ 1912ರ .375 ಹಾಲಂಡ್ ಅಂಡ್ ಹಾಲಂಡ್ ತೋಟೆ, 300 ಗ್ರೇನ್ ಗುಂಡು ಉತ್ತಮ. ಅಲ್ಲಿಯ ಹುಲ್ಲೆಗಳ ಹೃದಯ ನಾವು ಊಹಿಸುವುದಕ್ಕಿಂತ ಮುಂದಕ್ಕೂ ಕೆಳಕ್ಕೂ ಇದೆ. ಪ್ರಾಣಿ ಅಡ್ಡಲಾಗಿ ನಿಂತಾಗ ಮುಂಗಾಲಿನ ನೇರಕ್ಕೆ, ಎದೆಯ ಕೆಳಗಿನ ಮೂರನೆಯ ಒಂದು ಪಾಲಿನಲ್ಲಿ ಗುರಿಯಿಡಬೇಕು.

ನಮ್ಮ ಕನ್ನಡದ ಓದುಗರಿಗೆ ಆಂಡರ್ಸನ್ನರ ಬೇಟೆಯ ಕಥೆಗಳು ತೇಜಸ್ವಿಯವರಿಂದ ಪರಿಚಿತ. ಆಂಡರ್ಸನ್ ಹಿಡಿಯುತ್ತಿದ್ದ .405 ವಿಂಚೆಸ್ಟರನ್ನೇ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಒಯ್ದಿದ್ದರು. ಆದರೆ ಅದಕ್ಕಿಂತ ಬಹಳ ಸಣ್ಣ 7 ಮಿಲಿಮೀಟರಿನ ಗುಂಡಿನಿಂದಲೇ ಡಬ್ಲ್ಯು.ಡಿ.ಎಂ. ಬೆಲ್ ಎಂಬಾತ ನೂರಾರು ಆನೆಗಳನ್ನು ಕೊಂದ. ಆ ಸಂಖ್ಯೆ ನನ್ನಲ್ಲಿ ಜುಗುಪ್ಸೆ ಹುಟ್ಟಿಸುತ್ತದೆ. ಆದರೂ ಆತನಿಂದ ಒಂದು ಪಾಠವುಂಟು: ಆತ ಆನೆಯ ತಲೆಬುರುಡೆಯನ್ನು ಸೀಳಿಸಿ ಮಿದುಳು ಎಲ್ಲಿದೆಯೆಂದು ಅಭ್ಯಾಸ ಮಾಡಿದ್ದ. ಆತನ ಗುರಿಯ ಹಿಂದೆ ಇದ್ದುದು ಈ ತಿಳಿವಳಿಕೆ.

ಬೇಟೆಯೇ ಸರಿಯೇ ಎಂದು ನೀವು ಕೇಳಬಹುದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಅಧ್ಯಾಯವನ್ನು ಮುಚ್ಚಿತು. ಮುಚ್ಚಿದ್ದು ಒಳ್ಳೆಯದೇ ಆಯಿತು. ಕೊಡವರ ಮತ್ತು ಜಮ್ಮಾ ಹಿಡುವಳಿದಾರರ ಕೋವಿ ವಿನಾಯಿತಿಯನ್ನು ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದೆ. ಕೈಲ್ ಮುಹೂರ್ತದಲ್ಲಿ ಪೂಜೆಗೊಂಡ ಕೋವಿಗಳು ಈಗ ತೆಂಗಿನಕಾಯಿಗೆ ಗುರಿಯಿಡುತ್ತವೆ. ತೆಂಗಿನಕಾಯಿಗೆ ನೋವಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 1991ರ ಕಾನೂನಿನಂತೆ, ತಕ್ಕ ಬೇಲಿಯೊಳಗಿನ ವನ್ಯಮೃಗಗಳು ಜಮೀನಿನೊಡೆಯನ ಸ್ವತ್ತು. ಬೇಟೆಗೆ ಅಲ್ಲಿ ಅನುಮತಿಯಿದೆ. ನಾನಾದರೆ ಹೋಗುತ್ತಿರಲಿಲ್ಲ. ಆದರೆ ಕೋಳಿಸಾರು ಉಣ್ಣುವ ನಾನು ಅವನಿಗೆ ಅಹಿಂಸೆಯ ಉಪದೇಶ ಮಾಡಿದರೆ ಅದು ಬೂಟಾಟಿಕೆಯಾದೀತು.

ಆದ್ದರಿಂದ ಹೀಗೆ ಹೇಳಿದೆ: “ಮ್ಯಾಗ್ನಮ್ ಬೇಡ. ನಿನ್ನ ಭುಜ ತಾಳುವಂಥ ಕೋವಿ ತೆಗೆದುಕೋ. ಒಳ್ಳೆಯ ಗುಂಡಿಗೆ ಹಣ ಉಳಿಸಬೇಡ. ಮೂರು ಕಾಲಿನ ಊರುಗೋಲಿನ ಮೇಲೆ ಕೋವಿಯಿಟ್ಟು ನಿಂತೇ ಹೊಡೆಯುವುದನ್ನು ಮೊದಲು ಅಭ್ಯಾಸ ಮಾಡು. ನೂರೈವತ್ತು ಮೀಟರಿನಾಚೆಗೆ ಹೊಡೆಯಬೇಡ. ಅನುಮಾನವಿದ್ದರೆ ಕೋವಿ ಇಳಿಸು.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಸಾರ್, ಇಲ್ಲಿ ಒಂದು ಪದ್ಧತಿ ಇದೆ. ಗಾಯಗೊಂಡ ಪ್ರಾಣಿ ಸಿಗದೆ ಹೋದರೂ ಅದರ ಪೂರ್ತಿ ಬೆಲೆ ಕಟ್ಟಬೇಕು.”

ನಮ್ಮ ತಂದೆಯವರು ಆ ಬೆಲೆಯನ್ನು ಬದುಕಿರುವವರೆಗೂ ಕಟ್ಟಿದರು ಎಂದು ಅವನಿಗೆ ಹೇಳಿದೆ, ಹಂದಿಯ ಕಥೆಯನ್ನೂ ಹೇಳಿದೆ. ಮೊನ್ನೆ ಮತ್ತೆ ಕರೆ ಮಾಡಿದ್ದ. ಮೊದಲ ತಿಂಗಳು ಬರೀ ಗುರಿಹಲಗೆಗೆ ಹೊಡೆಯುತ್ತಾನಂತೆ. ಲಿಂಪೋಪೊಗೆ ಹೋಗುವುದೋ ಬಿಡುವುದೋ, ಆಮೇಲೆ ನೋಡುತ್ತಾನಂತೆ.