ನಾಯಿ ಬೊಗಳಲಿಲ್ಲ, ನಾವೂ ಬಾಯಿ ಬಿಡಲಿಲ್ಲ

ನಮ್ಮ ಟೀಮಿನಲ್ಲೊಬ್ಬರಿದ್ದಾರೆ. ವಾರಕ್ಕೊಂದು ‘ಕೋಸಿ ಮಿಸ್ಟರಿ’ ಮುಗಿಸ್ತಾರೆ. ಕೊಲೆ ಆಗುತ್ತೆ, ರಕ್ತ ಕಾಣಲ್ಲ. ಪುಟ್ಟ ಊರು, ಬೇಕರಿ, ಟೀ, ಮತ್ತೆ ಕೊಲೆಗಾರನನ್ನ ಪತ್ತೆ ಹಚ್ಚೋಕೆ ಒಂದು ಬೆಕ್ಕೋ ನಾಯಿಯೋ. ಮೊನ್ನೆ ಊಟ ಮಾಡ್ತಾ ಅಂದರು: “ನಿಮ್ಮ ಕಡೆ ಹಳ್ಳಿ ಇಟ್ಕೊಂಡು ಕನ್ನಡದಲ್ಲಿ ನೀವೇ ಇಂಥದ್ದೊಂದು ಬರೀಬಾರದಾ? ಕಬಿನಿ ಹಿನ್ನೀರು, ಹೊಗೆಸೊಪ್ಪಿನ ಹೊಲ, ಒಂದು ಜಾಣ ನಾಯಿ. ಎಷ್ಟು ಚೆನ್ನಾಗಿರುತ್ತೆ!”

ನಕ್ಕು ಸುಮ್ಮನಾದೆ. ಸುಮ್ಮನಾಗೋದು ನಮ್ಮೂರಿನವರಿಗೆ ಚೆನ್ನಾಗಿ ಬರುತ್ತೆ. ಈಗ ಉತ್ತರ ಬರೀತಿದ್ದೀನಿ.

ಓದದೇ ಬೈತಿಲ್ಲ. ಲಿಲಿಯನ್ ಜಾಕ್ಸನ್ ಬ್ರೌನ್ 1966ರಲ್ಲೇ ಕೋಕೋ ಅನ್ನೋ ಸಯಾಮಿ ಬೆಕ್ಕಿನ ಸರಣಿ ಶುರು ಮಾಡಿದರು. ರೀಟಾ ಮೇ ಬ್ರೌನ್ ಅಂತೂ ತಮ್ಮ ಬೆಕ್ಕು ಸ್ನೀಕಿ ಪೈ ಹೆಸರನ್ನೇ ಸಹಲೇಖಕಿ ಅಂತ ಮುಖಪುಟದಲ್ಲಿ ಹಾಕಿದರು. 2005ರಲ್ಲಿ ಬಂದ ಜರ್ಮನ್ ಲೇಖಕಿ ಲಿಯೋನಿ ಸ್ವಾನ್ ಕಾದಂಬರಿಯಲ್ಲಿ ಕುರಿಮಂದೆಯೇ ತನ್ನ ಕುರುಬನ ಕೊಲೆಗಾರನನ್ನ ಹುಡುಕುತ್ತೆ. ಮಜಾ ಇದೆ. ರಿಲೀಸ್ ದಿನದ ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದವನಿಗೆ ಇನ್ನೇನು ಬೇಕು? ನನ್ನ ತಕರಾರು ಬೆಕ್ಕಿನ ಮೇಲಲ್ಲ, ಆ ಊರಿನ ಮೇಲೆ. ಅಲ್ಲಿ ಯಾರಿಗೂ ಏನೂ ಗೊತ್ತಿರಲ್ಲ. ಅದಕ್ಕೇ ಬೆಕ್ಕು ಬರಬೇಕಾಗುತ್ತೆ.

ನಮ್ಮೂರಿನ ಒಂದು ಕೇಸು ಹೇಳ್ತೀನಿ. ಆಗ ನಾನು ಫಸ್ಟ್ ಪಿಯುಸಿ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಸೀಮೆಯವರಿಗೆ ಗೊತ್ತು, ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ರಾತ್ರಿಯೆಲ್ಲ ಬ್ಯಾರನ್ ಒಲೆಗೆ ಸೌದೆ ಹಾಕ್ತಾ ಕೂರಬೇಕು. ಹಾಗೆ ಬೇಯಿಸಿ, ಗ್ರೇಡ್ ಮಾಡಿ, ಹರಾಜಿಗೆ ಅಂತ ಕಟ್ಟಿಟ್ಟಿದ್ದ ಎರಡು ಬೇಲ್ ಒಂದು ರಾತ್ರಿ ಮಾಯ. ಬ್ಯಾರನ್ ಬಾಗಿಲಲ್ಲೇ ಮಲಗೋ ನಮ್ಮ ಕರಿಯ ಒಂದು ಸಲವೂ ಬೊಗಳಿರಲಿಲ್ಲ. ನಾನು ಷರ್ಲಾಕ್ ಹೋಮ್ಸ್ ಹೊಸದಾಗಿ ಓದಿದ್ದೆ. ‘ಸಿಲ್ವರ್ ಬ್ಲೇಜ್’ ಕಥೆಯಲ್ಲಿ ನಾಯಿ ಬೊಗಳದೇ ಇದ್ದದ್ದೇ ಸುಳಿವು. ಎದೆಯುಬ್ಬಿಸಿಕೊಂಡು ಅಪ್ಪನ ಮುಂದೆ ನಿಂತೆ: “ಅಪ್ಪ, ಕದ್ದೋನು ನಮ್ಗೆ ಗೊತ್ತಿರೋನೇ!”

ಅಪ್ಪ ತಲೆ ಎತ್ತಲಿಲ್ಲ. “ಅದು ಬೆಳಿಗ್ಗೇನೇ ಗೊತ್ತು ಕಣ್ಲಾ. ಬಾಯ್ ಮುಚ್ಕೊಂಡು ಕಾಫಿ ಕುಡಿ.”

ಅಪ್ಪನಿಗೆ ಗೊತ್ತಿತ್ತು. ಅವ್ವನಿಗೆ, ಹಾಲಿನ ಡೇರಿಯಲ್ಲಿ ಸಾಲು ನಿಂತವರಿಗೆ, ಎಲ್ಲರಿಗೂ ಗೊತ್ತಿತ್ತು. ಆ ವರ್ಷ ನಮಗೆ ಗೊಬ್ಬರಕ್ಕೆ ಸಾಲ ಕೊಟ್ಟಿದ್ದ ಮನೆಯ ಹುಡುಗ. ಆದರೆ ಊರಿಗೆ ಒಬ್ಬ ಕಳ್ಳ ಬೇಕಲ್ಲ, ಹಾಡಿಯಿಂದ ಸೌದೆ ಹಾಕೋಕೆ ಬರ್ತಿದ್ದವನ ಹೆಸರು ತೇಲಿಬಂತು. ಕರಿಯ ಅವನಿಗೂ ಬೊಗಳ್ತಿರಲಿಲ್ಲ ನೋಡಿ! ಅವತ್ತು ರಾತ್ರಿ ಅವನು ನೆಂಟರ ಮದುವೆಯಲ್ಲಿದ್ದ, ಅದೂ ಎಲ್ಲರಿಗೂ ಗೊತ್ತಿತ್ತು. ಮಾರನೇ ವಾರದಿಂದ ಅವನನ್ನ ಯಾರೂ ಕೆಲಸಕ್ಕೆ ಕರೀಲಿಲ್ಲ. ನಾವೂ ಕರೀಲಿಲ್ಲ. ಎರಡು ವರ್ಷ ಆದ್ಮೇಲೆ ನನ್ನ ಬಿಇ ಮೊದಲ ವರ್ಷದ ಫೀಸು ಆ ಸಾಲ ಕೊಟ್ಟ ಮನೆಯಿಂದಲೇ ಬಂತು. ಕಟ್ಟಿದೆ, ಓದಿದೆ, ಇವತ್ತು ಇಲ್ಲಿ ಕೂತು ಲೇಖನ ಬರೀತಿದ್ದೀನಿ.

ಈಗ ಹೇಳಿ, ಈ ಕಥೆಗೆ ಜಾಣ ನಾಯಿ ಬಂದು ಏನು ಮಾಡಬೇಕಿತ್ತು? ನಮ್ಮ ಹಳ್ಳಿಗಳಲ್ಲಿ ‘ಯಾರು ಮಾಡಿದ್ದು’ ಅನ್ನೋದು ರಹಸ್ಯವೇ ಅಲ್ಲ. ‘ಯಾರು ಹೇಳ್ತಾರೆ’ ಅನ್ನೋದಷ್ಟೇ ರಹಸ್ಯ. ಪ್ರಾಣಿ ಪತ್ತೇದಾರಿ ಕಥೆ ಈ ಎರಡನೇ ಪ್ರಶ್ನೆಯಿಂದ ತಪ್ಪಿಸಿಕೊಳ್ಳೋಕೆ ಸುಲಭದ ದಾರಿ. ನಾಯಿಗೆ ಸಾಲವಿಲ್ಲ, ಜಾತಿಯಿಲ್ಲ, ನೆಂಟಸ್ತಿಕೆಯಿಲ್ಲ, ಮುಂದಿನ ವರ್ಷದ ಫೀಸಿನ ಚಿಂತೆಯಿಲ್ಲ. ಸತ್ಯದ ಭಾರ ಅದರ ಬೆನ್ನಿಗೆ ಹೊರಿಸಿ ನಾವು ಟೀ ಕುಡೀಬಹುದು.

ಇದನ್ನ ನಮ್ಮವರು ಸಾವಿರ ವರ್ಷದ ಹಿಂದೆಯೇ ಕಂಡಿದ್ದರು. 11ನೇ ಶತಮಾನದ ದುರ್ಗಸಿಂಹನ ಪಂಚತಂತ್ರದಲ್ಲಿ ಧರ್ಮಬುದ್ಧಿ, ದುಷ್ಟಬುದ್ಧಿ ಕಥೆ ಇದೆಯಲ್ಲ, ಹತ್ತನೇ ಕ್ಲಾಸಿನ ಪಠ್ಯದಲ್ಲಿ ‘ವೃಕ್ಷಸಾಕ್ಷಿ’ ಅಂತ ಬಂದದ್ದು. ಹೂತಿಟ್ಟ ಹಣ ಕದ್ದವನು ಆಲದ ಮರವೇ ಸಾಕ್ಷಿ ಅಂತಾನೆ. ಮರ ಮಾತಾಡುತ್ತೆ ಕೂಡ. ಪೊಟರೆಗೆ ಬೆಂಕಿ ಬಿದ್ದಾಗ ನೋಡಿದರೆ ಒಳಗೆ ಕೂತಿರೋನು ಕಳ್ಳನ ಅಪ್ಪ. ಮಾತಾಡೋ ಬೆಕ್ಕಿನ ಪೊಟರೆಯಲ್ಲೂ ಒಬ್ಬ ಮನುಷ್ಯ ಇದ್ದೇ ಇರ್ತಾನೆ, ತನ್ನ ಅನುಕೂಲಕ್ಕೆ.

ಕೋರ್ಟಿಗೂ ಇದು ಗೊತ್ತು. ಪೊಲೀಸ್ ನಾಯಿ ಹಿಡಿದ ಜಾಡಿನ ಬಗ್ಗೆ 1969ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸರಳ: ನಾಯಿ ಕಟಕಟೆ ಹತ್ತಿ ಪ್ರಮಾಣ ಮಾಡೋಕಾಗಲ್ಲ, ಪಾಟೀ ಸವಾಲಿಗೆ ಉತ್ತರ ಕೊಡೋಕಾಗಲ್ಲ, ಅದರ ಜೊತೆಗಿದ್ದ ಮನುಷ್ಯನೇ ಬಂದು ಹೇಳಬೇಕು. ಕೋಟೆ ಪಕ್ಕದ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಜರ್ಮನ್ ಶೆಫರ್ಡ್ ರಾಣಾ ಕಳ್ಳಬೇಟೆಯವರ ಜಾಡು ಹಿಡಿದು ಹೆಸರು ಮಾಡಿತ್ತು. ಅದು ಕೊಟ್ಟದ್ದು ಮೂಗು ಮಾತ್ರ. ಮಹಜರು ಬರೆಯೋದು, ಸಹಿ ಹಾಕೋದು, ಕೋರ್ಟಿಗೆ ಅಲೆಯೋದು ಮನುಷ್ಯರ ಕೆಲಸ.

ಹಾಗಂತ ಕನ್ನಡದಲ್ಲಿ ಬೇಡ ಅಂತಿಲ್ಲ. ತೇಜಸ್ವಿಯವರ ‘ಕರ್ವಾಲೊ’ ಕೂಡ ಒಂದು ಹುಡುಕಾಟದ ಕಥೆಯೇ. ಅದರಲ್ಲಿ ಕಿವಿ ಅನ್ನೋ ನಾಯಿ ಇದೆ. ಕಿವಿ ಕೊನೇವರೆಗೂ ನಾಯಿಯಾಗೇ ಇರುತ್ತೆ. ತಲೆ ಓಡಿಸೋ ಕೆಲಸ, ತಪ್ಪು ಮಾಡೋ ಕೆಲಸ ಎಲ್ಲ ಮನುಷ್ಯರದ್ದು. ನಲವತ್ತು ವರ್ಷ ದಾಟಿದರೂ ಜನ ಓದ್ತಿದ್ದಾರೆ.

ಆದ್ದರಿಂದ, ನಮ್ಮ ಟೀಮಿನವರೇ, ಬರೆಯೋಣ. ಹೊಗೆಸೊಪ್ಪಿನ ಹೊಲ ಇರಲಿ, ಬ್ಯಾರನ್ ಬಾಗಿಲಲ್ಲಿ ಕರಿಯ ಬಾಲ ಅಲ್ಲಾಡಿಸ್ತಾ ಮಲಗಿರಲಿ. ಆದರೆ ಕೊನೇ ಅಧ್ಯಾಯಕ್ಕೆ ಮುಂಚೆ ಒಬ್ಬ ಹುಡುಗ ಕಾಫಿ ಲೋಟ ಕೆಳಗಿಟ್ಟು, ಡೇರಿ ಮುಂದೆ ಹೋಗಿ ನಿಂತು, ಆ ಹೆಸರು ಹೇಳಲಿ. ಕೊನೇ ಅಧ್ಯಾಯದಲ್ಲಿ, ಅದನ್ನ ಹೇಳಿದ್ದಕ್ಕೆ ಅವನ ಫೀಸು ಎಲ್ಲಿಂದ ಬಂತು ಅಂತ ಬರೆಯೋಣ.