ಒಂದು ಹನಿ ರಕ್ತಕ್ಕೆ ಒಂದು ದಿನದ ಬಸ್ಸು

ತೀರ್ಥಹಳ್ಳಿ ಕಡೆ ಹಳ್ಳಿಯಲ್ಲಿರೋ ನನ್ನ ಚಿಕ್ಕಮ್ಮನಿಗೆ ತಿಂಗಳಲ್ಲಿ ಒಂದು ದಿನ ಶಿವಮೊಗ್ಗಕ್ಕೇ ಮೀಸಲು. ಬೆಳಗ್ಗೆ ಮೊದಲ ಬಸ್ಸು, ಲ್ಯಾಬಿನಲ್ಲಿ ರಕ್ತ ಕೊಡೋದು, ಸಂಜೆವರೆಗೂ ರಿಪೋರ್ಟಿಗೆ ಕಾಯೋದು. ಅಷ್ಟು ಹೊತ್ತಿಗೆ ಡಾಕ್ಟರು ಸಿಕ್ಕರೆ ಪುಣ್ಯ! ಇಷ್ಟೆಲ್ಲಾ ಒಂದೇ ಒಂದು ನಂಬರಿಗಾಗಿ... ಐಎನ್‌ಆರ್.

ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರ ಅವರ ಹೃದಯದ ಕವಾಟ ಕೆಡಿಸಿತ್ತು. ಈಗಿರೋದು ಮೆಕ್ಯಾನಿಕಲ್ ವಾಲ್ವ್. ಅದರ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಮಾತ್ರೆ. ಡೋಸ್ ಕಮ್ಮಿಯಾದರೆ ಪಾರ್ಶ್ವವಾಯುವಿನ ಭಯ, ಜಾಸ್ತಿಯಾದರೆ ರಕ್ತಸ್ರಾವದ ಭಯ. ಮಾತ್ರೆ ತಗೊಳ್ಳದವರಿಗೆ ಐಎನ್‌ಆರ್ ಸುಮಾರು 1 ಇರುತ್ತೆ, ಚಿಕ್ಕಮ್ಮನಿಗೆ ಡಾಕ್ಟರು ಹೇಳಿರೋದು 2.5ರಿಂದ 3.5. ನಾಲ್ಕು ದಿನ ಸೊಪ್ಪಿನ ಸಾರು ಜಾಸ್ತಿ ಉಂಡರೂ ಅದರಲ್ಲಿರೋ ವಿಟಮಿನ್ ಕೆ ಲೆಕ್ಕ ತಪ್ಪಿಸುತ್ತೆ.

'ಟೆಸ್ಟೇ ಬೇಡದ ಹೊಸ ಮಾತ್ರೆ ಬಂದಿದೆಯಲ್ಲ?' ಅಂತ ನಾನೂ ಕೇಳಿದ್ದೆ. ಮೆಕ್ಯಾನಿಕಲ್ ವಾಲ್ವ್ ಇರುವವರಿಗೆ ಅದು ಆಗಿಬರಲ್ಲ. ಅಂಥ ಒಂದು ಮಾತ್ರೆ ಡಾಬಿಗಟ್ರಾನ್. ಇಂಥವರ ಮೇಲೆ ಅದನ್ನ ಪ್ರಯೋಗಿಸಿದಾಗ ಹೆಪ್ಪುಗಟ್ಟೋದೂ ಹೆಚ್ಚಾಯ್ತು, ರಕ್ತಸ್ರಾವವೂ ಹೆಚ್ಚಾಯ್ತು. ಅಧ್ಯಯನವನ್ನ ಅರ್ಧಕ್ಕೇ ನಿಲ್ಲಿಸಿದರು, ಫಲಿತಾಂಶ 2013ರಲ್ಲಿ ಪ್ರಕಟವಾಯ್ತು. ಅಂದರೆ ಈ ಟೆಸ್ಟ್ ತಪ್ಪಿದ್ದಲ್ಲ.

ಹಾಗಂತ ಬಸ್ಸು ತಪ್ಪಿಸಬಾರದೇ? ಸಕ್ಕರೆ ಕಾಯಿಲೆಯವರು ಮನೆಯಲ್ಲೇ ಬೆರಳು ಚುಚ್ಚಿ ನೋಡಿಕೊಳ್ಳೋ ಹಾಗೆ ಐಎನ್‌ಆರ್‌ಗೂ ಕೈಯಲ್ಲಿ ಹಿಡಿಯೋ ಮೀಟರ್ ಎಷ್ಟೋ ವರ್ಷಗಳಿಂದ ಇದೆ. ಸ್ಟ್ರಿಪ್ಪಿನೊಳಗಿನ ಸಣ್ಣ ಕಾಲುವೆ ಹನಿ ರಕ್ತವನ್ನ ತಾನೇ ಎಳೆದುಕೊಳ್ಳುತ್ತೆ. ಒಳಗೆ ಲೇಪಿಸಿರೋ ರಾಸಾಯನಿಕ ತಾಗಿ ರಕ್ತ ಹೆಪ್ಪುಗಟ್ಟೋಕೆ ಶುರುವಾಗುತ್ತೆ, ಎಷ್ಟು ಹೊತ್ತು ಹಿಡೀತು ಅಂತ ಮೀಟರ್ ಅಳೆಯುತ್ತೆ. ಒಂದೆರಡು ನಿಮಿಷದಲ್ಲಿ ನಂಬರ್! 2022ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಇನ್ನೂ ಮುಂದೆ ಹೋದರು. ಪುಟ್ಟ ಬಟ್ಟಲಲ್ಲಿ ರಕ್ತದ ಹನಿ, ಅದರಲ್ಲಿ ಒಂದು ತಾಮ್ರದ ಚೂರು. ಫೋನಿನ ವೈಬ್ರೇಟರ್ ಅಲ್ಲಾಡಿಸುತ್ತೆ, ಕ್ಯಾಮೆರಾ ನೋಡುತ್ತೆ. ರಕ್ತ ಹೆಪ್ಪಾದಂತೆ ಚೂರು ನಿಧಾನವಾಗುತ್ತೆ. ಓದಿ, ಪ್ರೋಗ್ರಾಮ್ ಬರೆಯೋ ನನಗೆ ಹೊಟ್ಟೆಕಿಚ್ಚೇ ಆಯ್ತು :)

ಆದರೆ ನಮ್ಮ ತಂತ್ರಜ್ಞಾನದವರ ದೊಡ್ಡ ರೋಗ ಇಲ್ಲೇ ಇರೋದು. ಡೆಮೋ ಆದ ಕೂಡಲೇ ಕೆಲಸ ಮುಗೀತು ಅಂದುಕೊಳ್ತೀವಿ. ಐಎನ್‌ರೇಷಿಯೋ ಅನ್ನೋ ಮೀಟರ್ ಕೆಲವರಿಗೆ ಲ್ಯಾಬಿಗಿಂತ ತೀರಾ ಕಮ್ಮಿ ನಂಬರ್ ತೋರಿಸ್ತಾ ಇತ್ತು. 2016ರಲ್ಲಿ ಅದನ್ನ ಮಾರುಕಟ್ಟೆಯಿಂದಲೇ ಹಿಂದಕ್ಕೆ ತಗೊಂಡರು. ಕಮ್ಮಿ ನಂಬರ್ ನಂಬಿ ಡೋಸ್ ಏರಿಸಿದರೆ ಏನಾಗುತ್ತೆ ಯೋಚಿಸಿ. ನನ್ನ ಕೋಡಿನ ಬಗ್‌ಗೆ ಪ್ಯಾಚ್ ಕಳಿಸಬಹುದು, ಚಿಕ್ಕಮ್ಮನ ಮೆದುಳಲ್ಲಿ ರಕ್ತ ಸೋರಿದರೆ ಪ್ಯಾಚ್ ಎಲ್ಲಿಂದ ತರೋದು?

ನನ್ನ ಪ್ರಕಾರ ಮನೆಮನೆಗೆ ಮೀಟರ್ ಬೇಡ. ಸ್ಟ್ರಿಪ್ಪಿನ ಖರ್ಚು ಪ್ರತಿ ಸಲ ಬೀಳುತ್ತೆ, ಚಿಕ್ಕಮ್ಮನಂಥವರಿಗೆ ಅದು ಬಸ್ ಚಾರ್ಜಿಗಿಂತ ಭಾರ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಒಂದು ಮೀಟರ್, ಸ್ಟ್ರಿಪ್ ಸರ್ಕಾರದ್ದು. ಆಗಾಗ ಲ್ಯಾಬಿನ ರಿಪೋರ್ಟಿನ ಜೊತೆ ತಾಳೆ ನೋಡಬೇಕು, ನಂಬರ್ ವಿಪರೀತ ಬಂದರೆ ಲ್ಯಾಬಲ್ಲಿ ಮತ್ತೊಮ್ಮೆ ಪರೀಕ್ಷೆ ಆಗಲೇಬೇಕು. ಡೋಸ್ ಹೇಳೋಕೆ ಡಾಕ್ಟರ ಒಂದು ಫೋನ್ ಸಾಕು.

ಇದನ್ನ ಚಿಕ್ಕಮ್ಮನಿಗೆ ಹೇಳಿದೆ. 'ಅದೆಲ್ಲ ಬರ್ಲಿ ಮಾರಾಯ, ಈ ಸಲ ಬಸ್ಸಲ್ಲಿ ಸೀಟು ಸಿಕ್ಕಿದ್ರೆ ಸಾಕಿತ್ತು' ಅಂದರು.

ನಿಮ್ಮ ಮನೆಯಲ್ಲೂ ಹೀಗೆ ಅಲೆಯುವವರು ಇದ್ದಾರಾ? ಅವರೇನು ಮಾಡ್ತಾರೆ, ಬರೀರಿ.